ರಕ್ಷಕರ ಮೇಲಣ ದೂರು: ಹಿರೇಗುತ್ತಿಯ ನೆಲೆಯಿಂದ ಒಂದು ಚಾರಿತ್ರಿಕ ವಿಚಾರ

ಪ್ರಜೆಗಳಿಂದ ರಾಜನು ಪಡೆಯುವ ಷಷ್ಠಾಂಶವು ರಕ್ಷಣೆಗೆ ಸಲ್ಲುವ ವೇತನವೆಂಬುದು ನಮ್ಮ ಧರ್ಮಶಾಸ್ತ್ರಕಾರರ ಮತವು. ಆದರೆ ಈ ರಕ್ಷಣೆಯನ್ನು ರಾಜನು ತಾನೊಬ್ಬನೇ ನಡೆಯಿಸಲಾರನು. ಅದಕ್ಕಾಗಿ ಅಧಿಕೃತರನ್ನು ನಿಯಮಿಸಬೇಕಾಗುವುದು. ಆ ಅಧಿಕೃತನೇ ಪೀಡಕನಾದರೆ ಪೀಡಿತನು ಯಾರಲ್ಲಿ ಮೊರೆಯಿಡಬೇಕು? ಆ ಮೊರೆಯನ್ನು ಕೇಳುವವನು ಎಂಥವನಾಗಿರಬೇಕು? ಪೋಲೀಸು ಇಲಾಖೆಯ ನೌಕರರ ಮೇಲೆ ಬರುವ ದೂರುಗಳ ವಿಚಾರಣಕ್ರಮವನ್ನು ಕುರಿತ ಇಂದಿನ ಚರ್ಚೆಯೆಲ್ಲವೂ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ. ಇವು ನೂತನವಾದ ಪ್ರಶ್ನೆಗಳಲ್ಲವೆಂಬುದನ್ನೂ, ಪ್ರಾಚೀನರು ಕಂಡ ಉತ್ತರವನ್ನೇ ನಾವು ಪುನಃ ಪುನಃ ಮರೆತು ಪುನಃ ಪುನಃ ಕಂಡುಹಿಡಿಯುತ್ತಿದ್ದೇವೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶವು.

ಈ ವಿಚಾರಕ್ಕೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಹಿರೇಗುತ್ತಿಯನ್ನು ನೆಲೆಯಾಗಿ ಆರಿಸಿಕೊಂಡುದಕ್ಕೆ ಕಾರಣವುಂಟು. ಕುಮಟೆಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಮಿರ್ಜಾನವನ್ನು ದಾಟಿದ ಮೇಲೆ ಸಿಕ್ಕುವ ಈ ಗ್ರಾಮವು ತಾನಿದ್ದ ಸ್ಥಳದಿಂದ ಕದಲದೆಯೇ ಮೂರು ರಾಜಧಾನಿಗಳ ಅಧೀನದಲ್ಲಿದ್ದಿತು. ೧೭೯೯ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಕಂಪೆನಿಯ ವಶವಾದ ಕನ್ನಡ ಜಿಲ್ಲೆಯೊಡನೆ ಇದು ಮದರಾಸಿಗೆ ಸೇರಿತು; ೧೮೬೨ರಲ್ಲಿ ಉತ್ತರ ಕನ್ನಡದೊಡನೆ ಮುಂಬಯಿಗೆ ಸೇರಿತು; ೧೯೫೬ರ ನವೆಂಬರ್ ೧ರಂದು ಬೆಂಗಳೂರಿಗೆ ಸೇರಿತು. ಮದರಾಸಿನ ೧೮೫೯ರ ಪೋಲೀಸು ಕಾಯಿದೆ, ಮುಂಬಯಿಯ ೧೮೯೦ರ ಜಿಲ್ಲಾ ಪೋಲೀಸು ಕಾಯಿದೆ ಮತ್ತು ೧೯೫೧ರ ಪೋಲೀಸು ಕಾಯಿದೆ, ಕರ್ನಾಟಕದ ೧೯೬೩ರ ಪೋಲೀಸು ಕಾಯಿದೆ — ಇಷ್ಟೂ ಶಾಸನಗಳ ಚರಿತ್ರೆಯು ಈ ಒಂದು ಊರಿನ ಚರಿತ್ರೆಯಲ್ಲಿಯೇ ಕಾಣಸಿಗುವುದು.

೧

ಮೊದಲು ಶಾಸ್ತ್ರವನ್ನು ನೋಡೋಣ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಪಂಡಿತ ರು. ಶಾಮಾಶಾಸ್ತ್ರಿಗಳಿಗೆ ದೊರೆತು, ೧೯೦೯ರಲ್ಲಿ ಅಚ್ಚಾದ ಕೌಟಿಲೀಯ ಅರ್ಥಶಾಸ್ತ್ರದ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ ಸರ್ವಾಧಿಕರಣರಕ್ಷಣವೆಂಬ ಪ್ರಕರಣವೊಂದಿದೆ. ಸಮಾಹರ್ತೃವೂ ಪ್ರದೇಷ್ಟೃಗಳೂ ಮೊತ್ತಮೊದಲು ಅಧ್ಯಕ್ಷರನ್ನೂ ಅವರ ಆಳುಗಳನ್ನೂ ನಿಯಮದಲ್ಲಿಡಬೇಕೆಂದು ಅದು ಆರಂಭವಾಗುವುದು. ಸೆರೆಯಾಳುಗಳ ವಿಷಯದಲ್ಲಿ ತಪ್ಪಿ ನಡೆದ ಅಧಿಕಾರಿಗೆ ಅಲ್ಲಿ ಹೇಳಿರುವ ದಂಡಕ್ರಮವು ಗಮನಾರ್ಹವಾಗಿದೆ. ತಿಳಿಸದೆ ಸೆರೆಯಾಳನ್ನು ಹೊರಗೆ ತಿರುಗಗೊಟ್ಟರೆ ೨೪ ಪಣ, ಅವನಿಂದ ಕೆಲಸ ಮಾಡಿಸಿಕೊಂಡರೆ ಅದರ ಇಮ್ಮಡಿ, ಅವನನ್ನು ಬೇರೆಡೆಗೆ ಸಾಗಿಸಿದರೆ ಇಲ್ಲವೆ ಅನ್ನಪಾನಗಳನ್ನು ತಡೆದರೆ ೯೬ ಪಣ, ಹಿಂಸಿಸಿದರೆ ಅಥವಾ ಲಂಚ ತೆಗೆದುಕೊಂಡರೆ ಮಧ್ಯಮ ಸಾಹಸದಂಡ, ಕೊಂದರೆ ೧೦೦೦ ಪಣ. ಸೆರೆಯಲ್ಲಿ ಸಂಭವಿಸಬಹುದಾದ ಅಪಚಾರಗಳನ್ನು ಒಂದೊಂದಾಗಿ ಎಣಿಸಿ ಬೆಲೆ ಕಟ್ಟಿದ ಈ ಪಟ್ಟಿಯು, ಅಂಥ ಅಪಚಾರಗಳು ಆಗ ಕಲ್ಪನೆಯ ಮಾತಾಗಿರಲಿಲ್ಲವೆಂಬುದನ್ನು ಸೂಚಿಸುವುದು. ಪೂರ್ವಕಾಲವೆಲ್ಲ ಧರ್ಮಮಯವಾಗಿತ್ತೆಂದು ಹೇಳುವ ಇಚ್ಛೆ ನಮಗಿಲ್ಲ.

ದಂಡವು ಇದ್ದರೆ ಸಾಲದು; ಅಪರಾಧವು ರಾಜನಿಗೆ ತಿಳಿಯುವ ಬಗೆ ಹೇಗೆ? ಯಾಜ್ಞವಲ್ಕ್ಯನು ರಾಜಧರ್ಮಪ್ರಕರಣದಲ್ಲಿ, ರಾಷ್ಟ್ರಾಧಿಕೃತರ ನಡತೆಯನ್ನು ಚಾರರ ಮೂಲಕ ತಿಳಿದು ಸಾಧುಗಳನ್ನು ಸಮ್ಮಾನಿಸಬೇಕೆಂದೂ ಇತರರನ್ನು ದಂಡಿಸಬೇಕೆಂದೂ ವಿಧಿಸುವನು. ಅಧಿಕೃತನ ನಡತೆಯನ್ನು ಅಧಿಕೃತನಿಂದಲೇ ಕೇಳಿ ತಿಳಿಯತಕ್ಕದ್ದಲ್ಲವೆಂಬುದು ಇದರ ತಾತ್ಪರ್ಯವು. ಆತನೇ ಮತ್ತೊಂದೆಡೆ, ವಂಚಕರು ಕಳ್ಳರು ಮುಂತಾದವರಿಂದ ಪ್ರಜೆಗಳನ್ನು ಕಾಪಾಡಬೇಕೆಂದು ಹೇಳಿ, ವಿಶೇಷವಾಗಿ ಕಾಯಸ್ಥರಿಂದ ಕಾಪಾಡಬೇಕೆನ್ನುವನು. ‘ವಿಶೇಷವಾಗಿ’ ಎಂಬುದೇಕೆ? ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ನಮ್ಮ ವಿಜ್ಞಾನೇಶ್ವರನು ಇದಕ್ಕೆ ಕಾರಣವನ್ನು ಕೊಟ್ಟಿದ್ದಾನೆ: ಲೆಕ್ಕಿಗರೂ ಬರಹಗಾರರೂ ಆದ ಇವರು ರಾಜನಿಗೆ ಪ್ರಿಯರೂ ಮಾಯಾವಿಗಳೂ ಆದುದರಿಂದ ಇವರನ್ನು ತಡೆಯುವುದು ಕಷ್ಟ. ಕಳ್ಳನಿಗೆ ರಾಜನ ಆಶ್ರಯವಿಲ್ಲ, ನೌಕರನಿಗೆ ಉಂಟು. ಈ ವಿವೇಚನೆಗೆ ಕಾಲವು ಇನ್ನೂ ಮುಪ್ಪನ್ನು ತಂದಿಲ್ಲ.

ದಕ್ಷಿಣಾಪಥದ ತಾಮ್ರಶಾಸನಗಳಲ್ಲಿ ದತ್ತಿಬಿಟ್ಟ ಗ್ರಾಮಗಳನ್ನು ‘ಅಚಾಟಭಟಪ್ರವೇಶ್ಯ’ವೆಂದು ವರ್ಣಿಸಿರುವುದು ಶಾಸನಾಭ್ಯಾಸಿಗಳಿಗೆ ಸುಪರಿಚಿತವಾಗಿದೆ. ರಾಜಭಟರು ಊರೊಳಗೆ ಕಾಲಿಡದಿರುವುದೇ ಒಂದು ವರವಾಗಿದ್ದಿತೆಂದಮೇಲೆ, ಆ ವರವಿಲ್ಲದ ಊರುಗಳ ಸ್ಥಿತಿಯನ್ನು ವಾಚಕರೇ ಊಹಿಸಬಹುದು.

೨

ಇನ್ನು ಕಂಪೆನಿಯ ಕಾಲಕ್ಕೆ ಬರೋಣ. ಮದರಾಸು ಆಧಿಪತ್ಯದಲ್ಲಿ ಕಂದಾಯವನ್ನು ಎತ್ತುವ ತಹಶೀಲುದಾರನೇ ಪೋಲೀಸಿನ ಮುಖ್ಯಸ್ಥನೂ ಆಗಿದ್ದನು. ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ರೈತರನ್ನು ಹಿಂಸಿಸಲಾಗುತ್ತಿದೆಯೆಂಬ ಆಪಾದನೆಯು ೧೮೫೪ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನವರೆಗೂ ಹೋಯಿತು. ಆ ವರ್ಷವೇ ಮದರಾಸು ಸರಕಾರವು ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗವನ್ನು ನಿಯಮಿಸಿತು. ೧೮೫೫ರಲ್ಲಿ ವರದಿಯು ಹೊರಬಿದ್ದಿತು. ಆಯೋಗದ ಮುಂದೆ ಬಂದ ದೂರುಗಳು ೧೯೫೯. ಇವುಗಳಲ್ಲಿ ೫೧೯ ಜನರು ತಾವೇ ಬಂದು ಹೇಳಿಕೊಂಡವು, ಉಳಿದವು ಪತ್ರಮುಖವಾಗಿ ಬಂದವು. ಬೆರಳುಗಳನ್ನು ಹಿಂಡುವ ಕಿಟ್ಟಿ, ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು ಮುಂತಾದ ಹಿಂಸಾಕ್ರಮಗಳು ಇದ್ದುದು ನಿಜವೆಂದು ಆಯೋಗವು ಒಪ್ಪಿತು.

ಆದರೆ ನಮ್ಮ ವಿಷಯಕ್ಕೆ ಈ ಹಿಂಸಾವರ್ಣನೆಗಿಂತಲೂ ಮುಖ್ಯವಾದುದು ಪರಿಹಾರವು ದೊರೆಯದುದಕ್ಕೆ ಆಯೋಗವು ಕಂಡುಕೊಂಡ ಕಾರಣವು. ಕಲೆಕ್ಟರನ ಬಳಿಗೆ ಹೋಗಬೇಕಾದರೆ ದೂರದ ಪ್ರಯಾಣ, ಖರ್ಚು, ಹೊಲಗೆಲಸದ ನಷ್ಟ. ಹೋಗಲಾರದೆ ಅಂಚೆಯಲ್ಲಿ ಅರ್ಜಿ ಕಳುಹಿಸಿದರೆ, ಅದು ವಾಡಿಕೆಯ ಷರಾದೊಡನೆ ತಹಶೀಲುದಾರನಿಗೇ ವಿಚಾರಣೆಗಾಗಿ ಬರುತ್ತಿದ್ದಿತು. ಅಂದರೆ ಯಾರು ಹೊಡೆದರೋ, ಅಥವಾ ಯಾರ ಆಳುಗಳು ಹೊಡೆದರೋ, ಅವರ ಕೈಗೇ ಹೊಡೆತ ತಿಂದವನ ಕಾಗದವು ಹಿಂದಿರುಗುತ್ತಿದ್ದಿತು. ಆಗ ಮದರಾಸಿನ ಅಧೀನದಲ್ಲಿದ್ದ ಹಿರೇಗುತ್ತಿಯ ಒಬ್ಬ ಒಕ್ಕಲಿಗನನ್ನು ಭಾವಿಸಿರಿ. ಕಲೆಕ್ಟರನ ಕಚೇರಿಯಿದ್ದ ಮಂಗಳೂರು ಅವನಿಗೆ ಹೊಳೆಗಳನ್ನು ಒಂದೊಂದಾಗಿ ದಾಟಿ ಹೋಗಬೇಕಾದ ಊರು. ಮದರಾಸು ಹೆಸರು ಮಾತ್ರ ಕೇಳಿದ ಊರು. ಅವನು ಮೌನವಾಗಿದ್ದರೆ ಆ ಮೌನವನ್ನು ತೃಪ್ತಿಯೆಂದು ದಫ್ತರಗಳು ಬರೆದುಕೊಂಡಿದ್ದರೆ ಆಶ್ಚರ್ಯವೇನು?

ಆಯೋಗದ ಒಂದು ನ್ಯೂನತೆಯನ್ನೂ ಇಲ್ಲಿ ಹೇಳಬೇಕು. ದೇಶೀಯ ನೌಕರರನ್ನು ಕಠಿನವಾಗಿ ದೂಷಿಸಿದ ಅದು, ಐರೋಪ್ಯ ಅಧಿಕಾರಿಗಳನ್ನು ದೋಷಮುಕ್ತರೆಂದಿತು. ಸರಕಾರವೇ ನಿಯಮಿಸಿದ ಆಯೋಗವು ಸರಕಾರದ ಮೇಲ್ತುದಿಯನ್ನು ಮುಟ್ಟಲಿಲ್ಲ. ಆದರೂ ಅದರಿಂದ ಒಂದು ಫಲವಾಯಿತು. ೧೮೫೯ರ ಕಾಯಿದೆಯಿಂದ ಮದರಾಸಿನ ಪೋಲೀಸು ಕಂದಾಯದಿಂದ ಬೇರ್ಪಟ್ಟಿತು. ಅದೇ ೧೮೬೧ರ ಅಖಿಲಭಾರತ ಪೋಲೀಸು ಕಾಯಿದೆಗೆ ಮಾದರಿಯಾಯಿತು. ಎರಡು ಅಧಿಕಾರಗಳನ್ನು ಬಿಡಿಸಿದರು. ಆದರೆ ದೂರು ಕೇಳುವ ಅಧಿಕಾರವನ್ನು ಹೊಸ ಇಲಾಖೆಯ ಒಳಗೇ ಇಟ್ಟರು. ತಹಶೀಲುದಾರನ ಸ್ಥಾನಕ್ಕೆ ಸೂಪರಿಂಟೆಂಡೆಂಟನು ಬಂದನು. ೧೯೦೨ರಲ್ಲಿ ನಿಯಮಿತವಾದ ಫ್ರೇಸರ್ ಆಯೋಗವು, ಪೋಲೀಸರು ಲಂಚಕೋರರೂ ಪೀಡಕರೂ ಎಂಬ ಭಾವನೆಯು ಜನರಲ್ಲಿ ವ್ಯಾಪಕವಾಗಿದೆಯೆಂದು ಒಪ್ಪಬೇಕಾಯಿತೆಂದರೆ, ಅದು ಆಶ್ಚರ್ಯವಲ್ಲ.

೩

ಸ್ವತಂತ್ರಭಾರತದಲ್ಲಿ ೧೯೭೭ರಲ್ಲಿ ರಚಿತವಾದ ರಾಷ್ಟ್ರೀಯ ಪೋಲೀಸು ಆಯೋಗವು ತನ್ನ ೧೯೭೯ರ ಮೊದಲನೆಯ ವರದಿಯಲ್ಲಿಯೇ ಈ ವಿಷಯವನ್ನು ಎತ್ತಿಕೊಂಡಿತು. ಬಂಧನದಲ್ಲಿ ಸಾವು, ಅತ್ಯಾಚಾರ, ತೀವ್ರಗಾಯ ಮುಂತಾದ ದೂರುಗಳನ್ನು ನ್ಯಾಯಾಧೀಶರೇ ವಿಚಾರಿಸಬೇಕೆಂದು ಅದು ಸೂಚಿಸಿತು. ಸೂಚನೆಯು ಬಹುಕಾಲ ಕಾಗದದಲ್ಲಿಯೇ ಉಳಿಯಿತು. ೨೦೦೬ರ ಸೆಪ್ಟೆಂಬರ್ ೨೨ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಏಳು ನಿರ್ದೇಶಗಳನ್ನು ಕೊಟ್ಟಿತು. ಅವುಗಳಲ್ಲೊಂದು, ರಾಜ್ಯದಲ್ಲಿಯೂ ಜಿಲ್ಲೆಗಳಲ್ಲಿಯೂ ಪೋಲೀಸು ದೂರು ಪ್ರಾಧಿಕಾರಗಳನ್ನು ಸ್ಥಾಪಿಸಬೇಕೆಂಬುದು. ಸೂಪರಿಂಟೆಂಡೆಂಟ್ ಹಾಗೂ ಅದಕ್ಕೆ ಮೇಲ್ಪಟ್ಟ ಪದವಿಯವರ ಮೇಲಣ ದೂರನ್ನು ರಾಜ್ಯ ಪ್ರಾಧಿಕಾರವೂ, ಡೆಪ್ಯುಟಿ ಸೂಪರಿಂಟೆಂಡೆಂಟ್ ಪದವಿಯವರೆಗಿನವರ ಮೇಲಣ ದೂರನ್ನು ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವೂ ಕೇಳಬೇಕೆಂದು ವಿಧಿಸಲಾಯಿತು. ಕರ್ನಾಟಕದಲ್ಲಿ ೨೦೧೨ರ ತಿದ್ದುಪಡಿಯಿಂದ ಈ ಎರಡು ಬಗೆಯ ಪ್ರಾಧಿಕಾರಗಳೂ ೧೯೬೩ರ ಕಾಯಿದೆಯೊಳಗೆ ಸೇರಿದುವು.

ಇದರ ಹೊರತು ಹಳೆಯ ಮಾರ್ಗಗಳೂ ಉಂಟು. ಠಾಣೆಯಲ್ಲಿ ದೂರನ್ನು ಬರೆದುಕೊಳ್ಳದಿದ್ದರೆ ಅದನ್ನು ಅಂಚೆಯ ಮೂಲಕ ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದೆಂಬ ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ವಿಧಿಯು, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಮ್ಯಾಜಿಸ್ಟ್ರೇಟರಲ್ಲಿ ಖಾಸಗಿ ದೂರನ್ನು ಸಲ್ಲಿಸಬಹುದು. ೧೯೬೫ರ ಶಿಸ್ತುಕ್ರಮದ ನಿಯಮಗಳಂತೆ ಇಲಾಖೆಯ ಒಳಗೇ ವಿಚಾರಣೆ ನಡೆಯಬಹುದು. ಆದರೆ ಕರ್ತವ್ಯದ ಹೆಸರಿನಲ್ಲಿ ನಡೆದ ಕೃತ್ಯಕ್ಕಾಗಿ ಪೋಲೀಸರ ಮೇಲೆ ಮೊಕದ್ದಮೆ ಹೂಡಲು ಸರಕಾರದ ಪೂರ್ವಾನುಮತಿ ಬೇಕೆಂದು ೧೯೬೩ರ ಕಾಯಿದೆಯ ೧೭೦ನೆಯ ಕಲಮು ಹೇಳುವುದು. ಅಧಿಕಾರವನ್ನು ಮೀರಿದ ಕೃತ್ಯವಾದರೂ ಅದಕ್ಕೆ ಕರ್ತವ್ಯದೊಡನೆ ಯುಕ್ತವಾದ ಸಂಬಂಧವಿದ್ದರೆ ಈ ರಕ್ಷಣೆಯು ಸಲ್ಲುವುದೆಂದು, ಕರ್ನಾಟಕದಿಂದಲೇ ಹೋದ ವ್ಯಾಜ್ಯವೊಂದರಲ್ಲಿ ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ರಾಜವಲ್ಲಭನು ದುರ್ನಿವಾರನೆಂಬ ವಿಜ್ಞಾನೇಶ್ವರನ ಮಾತು ಇಲ್ಲಿ ಸ್ಮರಣೆಗೆ ಬಾರದಿರದು.

ಇಲ್ಲಿ ಪೂರ್ವಪಕ್ಷವೊಂದನ್ನು ಪರಿಶೀಲಿಸಬೇಕು. ದೂರುಗಳೆಲ್ಲ ಸತ್ಯವೆ? ಕಳ್ಳನು ತನ್ನನ್ನು ಹಿಡಿದವನ ಮೇಲೆ ದ್ವೇಷದಿಂದ ದೂರು ಕೊಡನೆ? ಇಲಾಖೆಯ ಕಷ್ಟವನ್ನರಿಯದ ಹೊರಗಿನವರು ವಿಚಾರಿಸಿದರೆ ನಿರಪರಾಧಿಯಾದ ಪೇದೆಯು ಬಲಿಯಾಗನೆ? ಈ ಆಕ್ಷೇಪವು ನಿಸ್ಸಾರವಲ್ಲ. ಕಡಿಮೆ ಸಂಬಳದ, ರಾತ್ರಿಹಗಲು ದುಡಿಯುವ ಪೇದೆಯೂ ನ್ಯಾಯಕ್ಕೆ ಅರ್ಹನಾದ ಪ್ರಜೆಯೇ. ಆದರೆ ಸಿದ್ಧಾಂತವು ಇದು: ಇಲಾಖೆಯೇ ವಿಚಾರಿಸಿ ನಿರ್ದೋಷಿಯೆಂದು ಬಿಟ್ಟವನನ್ನು ಊರು ನಿರ್ದೋಷಿಯೆಂದು ನಂಬುವುದಿಲ್ಲ. ತನ್ನವರಿಂದ ದೊರೆತ ಬಿಡುಗಡೆಯು ಅವನ ಕಳಂಕವನ್ನು ತೊಳೆಯದು. ಅನ್ಯನು, ಸಮದೃಷ್ಟಿಯುಳ್ಳವನು ವಿಚಾರಿಸಿ ಬಿಟ್ಟರೆ ಮಾತ್ರ ಅವನು ತಲೆಯೆತ್ತಿ ಅದೇ ಬೀದಿಯಲ್ಲಿ ನಡೆಯಬಲ್ಲನು. ಆದಕಾರಣ ಸ್ವತಂತ್ರವಾದ ವಿಚಾರಣೆಯು ಪೀಡಿತನಿಗೆಷ್ಟು ಹಿತವೋ ಸಾಧುವಾದ ನೌಕರನಿಗೂ ಅಷ್ಟೇ ಹಿತವು. ಸಾಧುಗಳನ್ನು ಸಮ್ಮಾನಿಸುವುದೆಂಬ ಮಾತನ್ನು ಯಾಜ್ಞವಲ್ಕ್ಯನು ದಂಡಕ್ಕಿಂತ ಮೊದಲು ಹೇಳಿರುವುದು ನಿರರ್ಥಕವಲ್ಲ.

ಒಟ್ಟಿನಲ್ಲಿ, ಈ ಚರಿತ್ರೆಯಿಂದ ಎರಡು ಒರೆಗಲ್ಲುಗಳು ದೊರೆಯುವುವು. ದೂರನ್ನು ಕೇಳುವವನು ದೂರಿಗೆ ಗುರಿಯಾದವನ ಮನೆಯವನಾಗಿರಬಾರದು; ಇದು ಮೊದಲನೆಯದು. ಕೇಳುವವನ ಬಾಗಿಲು ದೂರುವವನ ಕಾಲಿಗೆ ಎಟಕುವಂತಿರಬೇಕು, ಇದು ಎರಡನೆಯದು. ರಾಜ್ಯ ಪ್ರಾಧಿಕಾರವಿರುವ ಬೆಂಗಳೂರು ಹಿರೇಗುತ್ತಿಗೆ ನಾನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದೆ. ಆದುದರಿಂದ ಈ ಊರಿನ ಪಾಲಿಗೆ ಕಾಯಿದೆಯ ಸಾಫಲ್ಯವು ಕಾರವಾರದ ಜಿಲ್ಲಾ ಪ್ರಾಧಿಕಾರವನ್ನು ಅವಲಂಬಿಸಿದೆ: ಅದರ ಪೀಠದಲ್ಲಿ ಕುಳಿತವರು ಯಾರು, ಅಲ್ಲಿಗೆ ಸಲ್ಲಿಸಿದ ಅರ್ಜಿಯು ಯಾರ ಮೇಜಿಗೆ ಹೋಗುವುದು ಎಂಬುದನ್ನು. ೧೮೫೫ರ ಆ ಷರಾ ಮತ್ತೆ ಬರೆಯಲ್ಪಡದಿದ್ದರೆ ಸಾಕು. ಆಗ ಆ ೧೯೫೯ ಮಂದಿಯ ಮೊರೆಯು ವ್ಯರ್ಥವಾಗಲಿಲ್ಲವೆಂದು ಹೇಳಬಹುದು.