ಮಗ್ಗಕ್ಕೆ ಅಮಾವಾಸ್ಯೆ, ಕಚೇರಿಗೆ ರವಿವಾರ

ಅಮಾವಾಸ್ಯೆಯ ದಿನ ಮಗ್ಗಕ್ಕೆ ಕೂಡಬಾರದು ಎಂಬುದು ಇಳಕಲ್, ಗುಳೇದಗುಡ್ಡದ ನೇಕಾರರಲ್ಲಿ ಹಳೆಯ ರೂಢಿ. ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಇಡದ ರೈತರು ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಸಿಗುತ್ತಾರೆ. ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು ಸಿಂಗರಿಸುವುದು, ಬನದ ಹುಣ್ಣಿಮೆಗೆ ಬಾದಾಮಿ ಬಳಿಯ ಬನಶಂಕರಿಯ ತೇರು ನೋಡಲು ಹೊರಡುವುದು ಇದ್ದದ್ದೇ. ಬನಶಂಕರಿ ದೇವಾಂಗ ನೇಕಾರರ ಕುಲದೇವತೆ. ಅವಳ ಜಾತ್ರೆಗೆ ಮಗ್ಗ ನಿಲ್ಲಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಜರಿ ಪುಸ್ತಕ ಬರುವ ಬಹಳ ಮೊದಲೇ ನಮ್ಮ ಭಾಗದಲ್ಲಿ ದುಡಿಮೆಯ ಜೊತೆಗೆ ಬಿಡುವಿನ ಲೆಕ್ಕವೂ ಇತ್ತು ಎನ್ನಲು ಇಷ್ಟು ಸಾಕು.

ಈ ಲೆಕ್ಕ ಈಗ ಮತ್ತೆ ಚರ್ಚೆಗೆ ಬಂದಿದೆ. ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್ ಸ್ಥಾಪಕ ಎನ್.ಆರ್. ನಾರಾಯಣಮೂರ್ತಿ 2023ರಲ್ಲಿ ಹೇಳಿದಾಗ ಪರ ವಿರೋಧದ ಮಾತು ಬಹಳ ದಿನ ನಡೆಯಿತು. ಇನ್ನೊಂದೆಡೆ, ವಾರಕ್ಕೆ ನಾಲ್ಕೇ ದಿನ ಕೆಲಸ, ನಾಲ್ಕೇ ದಿನ ಶಾಲೆ ಸಾಕೆನ್ನುವವರೂ ಇದ್ದಾರೆ. ದಿನ ಕಡಿಮೆಯಾದರೆ ಉತ್ಪಾದನೆ ಹೆಚ್ಚುವುದೆ? ಕಲಿಕೆ ಸುಧಾರಿಸುವುದೆ? ಈ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುವುದು ವಾಡಿಕೆಯಾಗಿದೆ. ಆದರೆ ಇವೆರಡರ ಉತ್ತರ ಬೇರೆ ಬೇರೆ.

ಮೊದಲು ಶಾಲೆಯ ಮಾತು. ಹಿಂದಿನ ವೇದಪಾಠದಲ್ಲಿ ‘ಅನಧ್ಯಾಯ’ದ ದಿನಗಳಿದ್ದವು. ಎರಡು ಅಷ್ಟಮಿ, ಎರಡು ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ, ಅವುಗಳ ಮರುದಿನದ ಎರಡು ಪಾಡ್ಯ ಸೇರಿದರೆ ತಿಂಗಳಿಗೆ ಎಂಟು ದಿನ. ರಾಮಾಯಣದ ಸುಂದರಕಾಂಡದಲ್ಲಿ ಹನುಮಂತನು ಸೊರಗಿದ ಸೀತೆಯನ್ನು ವರ್ಣಿಸುವಾಗ, ಪಾಡ್ಯದ ದಿನ ಓದುವವನ ವಿದ್ಯೆಗೆ ಹೋಲಿಸುತ್ತಾನೆ. ಓದಬಾರದ ದಿನ ಓದಿದರೆ ವಿದ್ಯೆ ಕರಗುತ್ತದೆಂಬ ನಂಬಿಕೆ ಅಷ್ಟು ಹಳೆಯದು. ಇದನ್ನು ಕೇಳಿ ಮಕ್ಕಳು ಹಿಗ್ಗಬೇಕಾಗಿಲ್ಲ! ಅನಧ್ಯಾಯದಲ್ಲಿ ವೇದದ ಪಾಠ ನಿಲ್ಲುತ್ತಿತ್ತೇ ಹೊರತು ವೇದಾಂಗಗಳ ಅಭ್ಯಾಸಕ್ಕೂ ನಿತ್ಯದ ಪಠಣಕ್ಕೂ ಮನುಸ್ಮೃತಿಯೇ ವಿನಾಯಿತಿ ಕೊಟ್ಟಿದೆ. ಗುರುವಿನ ಬಾಯಿಂದ ಕೇಳಿ ಕಂಠಪಾಠ ಮಾಡುವ ಪದ್ಧತಿಯಲ್ಲಿ, ಕಲಿತದ್ದು ಗಟ್ಟಿಯಾಗಲು ಇಂಥ ಬಿಡುವು ನೆರವಾಗಿರಬಹುದು. ಅದೂ ಆ ಪಾಠಕ್ಕೆ ಕೂಡುವ ಹಕ್ಕಿದ್ದ ಕೆಲವೇ ಮನೆತನಗಳ ಹುಡುಗರಿಗೆ ಮಾತ್ರ. ನೇಕಾರನ, ಒಕ್ಕಲಿಗನ ಮಕ್ಕಳಿಗೆ ಪಾಠವೇ ಇಲ್ಲದ ಮೇಲೆ ಅನಧ್ಯಾಯವೆಲ್ಲಿ?

ವಾರದ ರಜೆ ಬಂದದ್ದು ತೀರ ಈಚೆಗೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಆದಿತ್ಯವಾರ, ಸೋಮವಾರ, ಬೃಹಸ್ಪತಿವಾರಗಳ ಹೆಸರು ಧಾರಾಳವಾಗಿ ಬರುತ್ತವೆ. ಆದರೆ ಅವು ದತ್ತಿ ಕೊಟ್ಟ ದಿನವನ್ನು ಹೇಳುತ್ತವೆ, ಬಿಡುವಿನ ದಿನವನ್ನಲ್ಲ. ರವಿವಾರದ ರಜೆಯ ಕಥೆ ಮುಂಬೈ ಗಿರಣಿಗಳದು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಮುಂಬೈ ಪ್ರಾಂತದಲ್ಲಿದ್ದುದರಿಂದ (ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ) ಅದು ನಮ್ಮ ಕಥೆಯೂ ಹೌದು. ಜೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಸುಮಾರು 5,500 ಕಾರ್ಮಿಕರ ಸಹಿಯ ಮನವಿ ಸಿದ್ಧಪಡಿಸಿದರು. ವಾರಕ್ಕೊಂದು ದಿನ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಿಗ್ಗೆ ಆರೂವರೆಯಿಂದ ಸೂರ್ಯ ಮುಳುಗುವವರೆಗೆ ಮಾತ್ರ ಕೆಲಸ, ಇವು ಬೇಡಿಕೆಗಳು. ‘ಮಾತ್ರ’ ಎಂಬ ಆ ಪದದಿಂದಲೇ ಆಗಿನ ದುಡಿಮೆ ಎಷ್ಟಿತ್ತೆಂದು ಊಹಿಸಬಹುದು. 1890ರ ಜೂನ್ 10ರಂದು ಗಿರಣಿ ಮಾಲೀಕರು ರವಿವಾರದ ರಜೆಗೆ ಒಪ್ಪಿದರು. ರವಿವಾರ ಖಂಡೋಬನ ವಾರ ಎಂಬ ಕಾರಣವನ್ನೂ ಲೋಖಂಡೆ ಮುಂದಿಟ್ಟರೆಂದು ಹೇಳುವುದುಂಟು. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಮರುವರ್ಷ, 1891ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಶಾಸನಬದ್ಧಗೊಳಿಸಿತು. ದುಡಿಮೆಯ ಮಿತಿ 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, 1946ರಲ್ಲಿ 48 ಎಂದು ಇಳಿಯುತ್ತ ಬಂತು. ಕೇಂದ್ರ ಸರಕಾರದ ಕಚೇರಿಗಳಿಗೆ ಐದು ದಿನದ ವಾರ ಬಂದದ್ದು 1985ರ ಜೂನ್‌ನಲ್ಲಿ.

ಈ ಕಾಯ್ದೆಗಳೆಲ್ಲ ಕಾರ್ಖಾನೆಯ ಬಾಗಿಲಲ್ಲೇ ನಿಂತವು, ಇಳಕಲ್ಲಿನ ಕುಣಿ ಮಗ್ಗದ ತನಕ ಬರಲಿಲ್ಲ. ಮನೆಯೇ ಕಾರ್ಖಾನೆ, ಮನೆಯವರೇ ಕಾರ್ಮಿಕರು. ಒಬ್ಬರು ನೇಯ್ದರೆ ಇನ್ನೊಬ್ಬರು ಕಂಡಿಕೆ ಸುತ್ತಬೇಕು, ಮತ್ತೊಬ್ಬರು ಹಾಸು ಸಿದ್ಧಮಾಡಬೇಕು. ಕೂಲಿ ಸೀರೆಗಿಷ್ಟು ಎಂದು. ಅಮಾವಾಸ್ಯೆಗೆ ಮಗ್ಗ ನಿಂತರೆ ಆ ದಿನದ ಗಳಿಕೆಯೂ ನಿಲ್ಲುತ್ತದೆ. ನೌಕರನಿಗೆ ರವಿವಾರ ಸಂಬಳದ ದಿನ, ನೇಕಾರನಿಗೆ ಅಮಾವಾಸ್ಯೆ ಖಾಲಿ ದಿನ. ಬಿಡುವಿನ ಬಗೆಗೆ ಬರೆಯುವವರು ಸಾಮಾನ್ಯವಾಗಿ ಈ ವ್ಯತ್ಯಾಸವನ್ನು ಮರೆಯುತ್ತಾರೆ. ಕೂಡಲಸಂಗಮದ ಸೀಮೆಯಲ್ಲಿ ರಜೆಯ ಮಾತೆತ್ತಿದರೆ ‘ಕಾಯಕಕ್ಕೆ ರಜೆ ಉಂಟೆ’ ಎಂದು ಕೇಳುವವರೂ ಇದ್ದಾರೆ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ತಿರುಗಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನನ್ನು ಅವರು ನೆನೆಯುವುದು ಒಳ್ಳೆಯದು.

ಹಾಗಾದರೆ ದುಡಿಮೆಯ ಅವಧಿ ತಗ್ಗಿದರೆ ಉತ್ಪಾದನೆಗೆ ಏನಾಗುತ್ತದೆ? ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗಳನ್ನು ರವಿವಾರವೂ ನಡೆಸಿದ ಬ್ರಿಟನ್ ಸರಕಾರ, 1915ರಲ್ಲಿ ಕಾರ್ಮಿಕರ ಆರೋಗ್ಯದ ಬಗ್ಗೆ ಒಂದು ಸಮಿತಿ ನೇಮಿಸಿತು. ದಣಿದ ಕೈಯ ಹೆಚ್ಚುವರಿ ಗಂಟೆಗಳಿಂದ ಲಾಭವಿಲ್ಲವೆಂದು ಕಂಡುಕೊಂಡ ಸಮಿತಿ, ರವಿವಾರದ ದುಡಿಮೆ ನಿಲ್ಲಿಸಲು ಸಲಹೆ ಮಾಡಿತು. 2015ರಿಂದ 2019ರವರೆಗೆ ಐಸ್‌ಲ್ಯಾಂಡ್‌ನಲ್ಲಿ ಸುಮಾರು 2,500 ಮಂದಿಗೆ ವಾರದ 40 ಗಂಟೆಯನ್ನು 35-36ಕ್ಕೆ ಇಳಿಸಿ ನೋಡಿದರು. ಹೆಚ್ಚಿನ ಕಡೆ ಕೆಲಸ ಕುಂದಲಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸಿಗೆ ರೇಷ್ಮೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕಣ್ಣು ದಣಿದಾಗ ಹಾಕಿದ ಕೊಂಡಿ ಮಗ್ಗದ ಮೇಲೆ ತೊಂದರೆ ಕೊಟ್ಟೇ ಕೊಡುತ್ತದೆ. ಆದರೆ ಐಸ್‌ಲ್ಯಾಂಡ್‌ನ ಪ್ರಯೋಗದಲ್ಲಿ ಸಂಬಳ ಕಡಿಮೆ ಮಾಡಿರಲಿಲ್ಲ ಎಂಬುದೇ ಮುಖ್ಯ ಸಂಗತಿ. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಅಂಥ ಭರವಸೆ ಕೊಡುವವರು ಯಾರು?

ಕಲಿಕೆಯ ವಿಷಯದಲ್ಲಿ ಅನುಭವ ಬೇರೆಯೇ ಇದೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ನಾಲ್ಕು ದಿನದ ವಾರಕ್ಕೆ ಬದಲಾದ ಶಾಲೆಗಳ ಮಕ್ಕಳು ಗಣಿತ, ಓದು ಎರಡರಲ್ಲೂ ತುಸು ಹಿಂದೆ ಬಿದ್ದುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಟ್ಟು ಪಾಠದ ಗಂಟೆಗಳು ಕಡಿಮೆಯಾದದ್ದೇ ಮುಖ್ಯ ಕಾರಣ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೆಯ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ. ಆರರಿಂದ ಎಂಟರವರೆಗೆ 220 ದಿನ, 1,000 ಗಂಟೆ ಪಾಠ ನಡೆಯಬೇಕೆಂದು ಹೇಳಿದೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ 2020ರಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಓಣಿಗೇ ಬಂದು ಪಾಠ ಹೇಳಿದರು. ಆದರೂ ಕಳೆದುಹೋದ ಕಲಿಕೆ ತುಂಬಿಕೊಳ್ಳಲು 2022ರಲ್ಲಿ ಬೇಸಿಗೆ ರಜೆ ಮೊಟಕುಗೊಳಿಸಿ ಮೇ 16ರಿಂದಲೇ ‘ಕಲಿಕಾ ಚೇತರಿಕೆ’ ನಡೆಸಬೇಕಾಯಿತು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತಿದೆ. ಬಾದಾಮಿ, ಹುನಗುಂದ ಕಡೆಯಿಂದ ಮಳೆಗಾಲ ಮುಗಿದ ಮೇಲೆ ಮಂಗಳೂರಿಗೆ, ಗೋವೆಗೆ ದುಡಿಯಲು ಹೋಗುವ ಮನೆಗಳ ಮಕ್ಕಳಿಗೆ ಶಾಲೆಯ ವರ್ಷ ಮೊದಲೇ ಮೊಟಕು. ನೇಕಾರರ ಮನೆಯಲ್ಲಿ ಶಾಲೆ ಇಲ್ಲದ ದಿನ, ಕಾನೂನು ಏನೇ ಹೇಳಲಿ, ಹುಡುಗಿಯ ಕೈಗೆ ಕಂಡಿಕೆ ಬರುವುದು ಸಹಜ. ಬಿಸಿಯೂಟದ ವಿಚಾರವೂ ಇದೆ. ‘ಅಕ್ಷರ ದಾಸೋಹ’ ಬಾಗಲಕೋಟೆಯೂ ಸೇರಿ ಉತ್ತರದ ಜಿಲ್ಲೆಗಳಲ್ಲೇ ಮೊದಲು ಆರಂಭವಾದದ್ದು ಸುಮ್ಮನೆ ಅಲ್ಲ. ಬರ ಬಿದ್ದಾಗ, 2024ರಲ್ಲಿ, ಬೇಸಿಗೆ ರಜೆಯಲ್ಲೂ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ಊಟ ಬಡಿಸಿದರು. ವಾರದಲ್ಲಿ ಒಂದು ದಿನ ಶಾಲೆ ಕಡಿತವಾದರೆ ಪಾಠದ ಜೊತೆಗೆ ಒಂದು ಊಟವೂ ಹೋಗುತ್ತದೆ. ಶನಿವಾರದ ಮುಂಜಾನೆ ಶಾಲೆಯಂತೆ ಹೊತ್ತನ್ನು ತಂಪಿಗೆ ಸರಿಸುವುದು ಒಂದು, ದಿನವನ್ನೇ ಕಳೆಯುವುದು ಇನ್ನೊಂದು.

ಕಚೇರಿಗಳ ಪಾಡು ಹಗುರ. 2019ರ ಜೂನ್‌ನಲ್ಲಿ ರಾಜ್ಯ ಸರಕಾರ ಎರಡನೆಯ ಶನಿವಾರದ ಜೊತೆಗೆ ನಾಲ್ಕನೆಯ ಶನಿವಾರವನ್ನೂ ರಜೆಯಾಗಿಸಿ, ಸಾಂದರ್ಭಿಕ ರಜೆಯನ್ನು 15ರಿಂದ 10 ದಿನಕ್ಕೆ ಇಳಿಸಿತು. ವರ್ಷಕ್ಕೆ 12 ದಿನ ಬಂತು, 5 ಹೋಯಿತು. ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಏಪ್ರಿಲ್, ಮೇ ತಿಂಗಳು ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿಯಿದೆ. ಸಂಬಳ ಅಷ್ಟೇ, ಸಮಯ ಎರಡು ಗಂಟೆ ಕಡಿಮೆ. ಬಂಡೆಗಳು ಕಾದು ಕೆಂಡವಾಗುವ ಬಾದಾಮಿಯಲ್ಲಿ ಈ ಏರ್ಪಾಡಿನ ಬಗ್ಗೆ ತಕರಾರು ತೆಗೆಯಲಾಗದು, ಹಳ್ಳಿಯಿಂದ ಮಧ್ಯಾಹ್ನದ ಬಸ್ಸಿಗೆ ಬಂದವರ ಗೊಣಗಾಟವೊಂದನ್ನು ಬಿಟ್ಟು.

ಇದೇ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯ ಮಣ್ಣುಕೆಲಸಕ್ಕೂ ಈ ಭಾಗದಲ್ಲಿ ಒಂದು ರಿಯಾಯಿತಿ ಕೊಟ್ಟದ್ದುಂಟು. ಅಗೆಯಬೇಕಾದ ಅಳತೆಯನ್ನು ಶೇ 30ರಷ್ಟು ಇಳಿಸಿ ಪೂರ್ಣ ಕೂಲಿ ನೀಡುವ ಆದೇಶ ಅದು. ಅಳತೆಯ ಮೇಲೆ ಕೂಲಿ ಪಡೆಯುವವರಿಗೂ ಬಿಡುವು ಕೊಡಬಹುದೆಂದು ಸರಕಾರವೇ ಒಪ್ಪಿದ ಅಪರೂಪದ ಉದಾಹರಣೆ. ಇಳಕಲ್ ಸೀರೆಗೆ 2007ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದನ್ನು ನೇಯುವವರ ಅಮಾವಾಸ್ಯೆಗೆ ಇಂಥದೊಂದು ರಿಯಾಯಿತಿ ಇನ್ನೂ ಬಂದಿಲ್ಲ.