ಸಿದ್ದಿಗಳು ರಂಗವೇರಿದ ಬಗೆ

ಮೈಸೂರಿನ ರಾಮಕೃಷ್ಣನಗರದಲ್ಲಿ ಮಂಡ್ಯ ರಮೇಶ್ ಕಟ್ಟಿದ 'ನಟನ' ರಂಗಶಾಲೆಯಿದೆ. ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತ ಅವರು, 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣದಲ್ಲಿ ಪಳಗಿದವರು. ನೀನಾಸಮ್ ಬಿತ್ತಿದ ಬೀಜ ಹೀಗೆ ನಗರದ ಬಡಾವಣೆಯೊಂದರಲ್ಲಿ ಮರವಾಯಿತು. ಅದೇ ಬೀಜ ಉತ್ತರ ಕನ್ನಡದ ಕಾಡಿನಲ್ಲೂ ಮೊಳೆತಿತ್ತು. ಆ ಕತೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸೀಮೆಯ ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಈ ಕಾಡು ಸೇರಿದರು. ಅದಕ್ಕೂ ಮೊದಲೇ ದಖ್ಖನ್ನಿನಲ್ಲಿ ಹಬ್ಶಿಗಳಿದ್ದರು. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತಸೂತ್ರ ಹಿಡಿದು ಮೊಗಲರನ್ನು ತಡೆದು ನಿಲ್ಲಿಸಿದ. ಇಂದು ಸಿದ್ದಿಗಳಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ. ಡಮಾಮಿಯ ಸದ್ದು ಮಾತ್ರ ಎಲ್ಲರದೂ ಹೌದು.

1980ರ ದಶಕದಲ್ಲಿ ಇವರ ಕಡೆಗೆ ಎರಡು ಕೈಗಳು ಚಾಚಿದವು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆಯ್ದು ಓಟಗಾರರನ್ನಾಗಿಸಲು ಹೊರಟಿತು. ಆಫ್ರಿಕಾದ ಮೈಕಟ್ಟು ಪದಕ ತಂದೀತೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ಅರ್ಧದಾರಿಯಲ್ಲಿ ಮನೆಗೆ ಮರಳಿದರು.

ಇನ್ನೊಂದು ಕೈ ರಂಗಭೂಮಿಯದು. ಮುಂದೆ ರಂಗಾಯಣದ ನಿರ್ದೇಶಕರೂ ಆದ ಚಿದಂಬರರಾವ್ ಜಂಬೆ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳಿಂದಲೇ ನಾಟಕ ಆಡಿಸಿದರು. ಆಯ್ದುಕೊಂಡದ್ದು ಚಿನುವ ಅಚಿಬೆಯ 1958ರ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್'. ಬಿಳಿಯರ ಆಗಮನದಿಂದ ಚೂರಾಗುವ ಆಫ್ರಿಕಾದ ಊರೊಂದರ ಕತೆಯನ್ನು, ಅದೇ ಖಂಡದಿಂದ ಬೇರು ಕಿತ್ತು ಬಂದವರ ಮಕ್ಕಳು ಕನ್ನಡದಲ್ಲಿ ಆಡಿದರು. ಇಲ್ಲಿ ಸಿದ್ದಿಗಳ ಮೈಗೆ ಮಾತ್ರವಲ್ಲ, ಮಾತಿಗೂ ನೆನಪಿಗೂ ಬೆಲೆ ಬಂತು. ಆಮೇಲೆ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮೊದಲಾದವರು ನೀನಾಸಮ್‌ನಲ್ಲಿ ಕಲಿತು ನಾಟಕ, ಸಿನಿಮಾಗಳಲ್ಲಿ ಹೆಸರು ಮಾಡಿದರು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ರಂಗಭೂಮಿ ಅವರನ್ನು ಸರಕಾರಕ್ಕಿಂತ ಮೊದಲೇ ಗುರುತಿಸಿತ್ತು.

ಈ ಎರಡು ಪ್ರಯತ್ನಗಳ ಅಂತರದಲ್ಲಿ ನಮಗೊಂದು ಪಾಠವಿದೆ. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು ಮೈಸೂರಿಗೆ ದೂರದವರೇನಲ್ಲ. ಉತ್ಸವ ಬಂದಾಗ ಗಿರಿಜನರ ಕುಣಿತವನ್ನು ಮೆರವಣಿಗೆಗೆ ಕರೆಯುತ್ತೇವೆ, ಸಂಭಾವನೆ ಕೊಟ್ಟು ಕಳಿಸುತ್ತೇವೆ. ಅದನ್ನೇ ಪ್ರೋತ್ಸಾಹವೆಂದು ನಂಬಿದ್ದೇವೆ. ಆ ಹಾಡಿಗಳ ಹುಡುಗ ಹುಡುಗಿಯರಿಗೆ ವರ್ಷಪೂರ್ತಿ ಕಲಿಕೆ, ಉಳಿಯಲು ಸೂರು, ಕೊನೆಗೆ ತಮ್ಮ ಕತೆಯನ್ನು ತಾವೇ ಆಯ್ದು ಆಡಿಸುವ ಅಧಿಕಾರ ಸಿಗಬೇಕು. ಕುಣಿಯುವವರಿಗೆ ವೇದಿಕೆ ಕೊಡುವುದು ಸುಲಭ. ಏನನ್ನು ಕುಣಿಯಬೇಕೆಂದು ಅವರೇ ನಿರ್ಧರಿಸಲಿ ಎಂದು ಬಿಟ್ಟುಕೊಡುವುದು ನಮಗೆ ಇನ್ನೂ ಕಷ್ಟವಾಗಿಯೇ ಉಳಿದಿದೆ.