ಯಾರು ಮೂಲದವರು? ಎಲುಬು, ರಕ್ತ ಮತ್ತು ಹಲಗಲಿಯ ಬೇಡರು

"ನೀವು ಮೂಲ ಎಲ್ಲಿಯವರೋ?"

ಜಾತಿ ಪ್ರಮಾಣಪತ್ರಕ್ಕೆಂದು ಒಂದು ಕಚೇರಿಯಲ್ಲಿ ಸಾಲು ಹಚ್ಚಿ ನಿಂತಾಗ ಗುಮಾಸ್ತನೊಬ್ಬ ನಮ್ಮಪ್ಪನಿಗೆ ಕೇಳಿದ ಪ್ರಶ್ನೆ ಇದು. "ಇಲ್ಲೇ ಬೀಳಗಿ ಕಡೀಯವ್ರರೀ ಸಾಹೇಬ್ರ" ಅಂದ ಅಪ್ಪ. "ಅದಲ್ಲೋ, ಮೂಲ, ಮೂಲ" ಅಂದ ಅವನು. ಅಪ್ಪ ಸುಮ್ಮನಾದ. ಅಪ್ಪನಿಗೆ ಅವನ ಅಜ್ಜನ ಹೆಸರು ಗೊತ್ತು. ಅದರಾಚೆ ಕತ್ತಲೆ. ಜಮಖಂಡಿಯ ಪಟವರ್ಧನರಿಗೆ ವಂಶಾವಳಿ ಇದೆ, ಮುಧೋಳದ ಘೋರ್ಪಡೆಯವರಿಗೆ ಇದೆ. ಮುಧೋಳದ ನಾಯಿಯ ತಳಿ ಕಾಯಲಿಕ್ಕೂ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇದೆ. ಅಪ್ಪನ ಕೈಯಾಗ ಇದ್ದದ್ದು ಒಂದು ರೇಶನ್ ಕಾರ್ಡು.

ಹಾಗಾಗಿ, ಹಳೆಯ ಎಲುಬಿನಿಂದ ಡಿಎನ್‌ಎ ತೆಗೆದು ಜನರ ಮೂಲ ಹೇಳುತ್ತಾರೆ ಎಂದು ಓದಿದಾಗ ನನಗೆ ಆಸೆಯೂ ಆಯಿತು, ಅಂಜಿಕೆಯೂ ಆಯಿತು. ಆ ಎರಡರ ಲೆಕ್ಕವನ್ನೂ ಇಲ್ಲಿ ಒಪ್ಪಿಸುತ್ತಿದ್ದೇನೆ.

ಅಂಜಿಕೆಗೆ ಕಾರಣ ಇತಿಹಾಸದಲ್ಲೇ ಇದೆ. ನಮ್ಮ ಮೈಯನ್ನು ಅಳೆಯಲು ಬಂದವರು ಇವರೇ ಮೊದಲಿಗರಲ್ಲ. 1901ರ ಜನಗಣತಿ ನಡೆಸಿದ ಎಚ್. ಎಚ್. ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಮೂಗಿನ ಉದ್ದಗಲ ಅಳೆಸಿ, ಮೂಗು ಚಪ್ಪಟೆಯಾದಷ್ಟೂ ಜಾತಿ ಕೀಳು ಎಂಬ ಸಿದ್ಧಾಂತ ಕಟ್ಟಿದ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲ ಕುರಿತು ಪುಸ್ತಕ ಬರೆದಾಗ ಅದೇ ಅಳತೆಗಳ ಅಂಕಿಗಳನ್ನು ಎದುರಿಗಿಟ್ಟುಕೊಂಡು ಆ ವಾದವನ್ನು ತಿರುಗಿಸಿ ಹೊಡೆದರು. ಮೂಗಿನ ಲೆಕ್ಕವನ್ನೇ ನಂಬುವುದಾದರೆ ಬ್ರಾಹ್ಮಣ ಮತ್ತು ಅಸ್ಪೃಶ್ಯ ಒಂದೇ ಜನಾಂಗದವರು, ಅಸ್ಪೃಶ್ಯತೆಗೆ ಜನಾಂಗದ ಆಧಾರವಿಲ್ಲ ಎಂದರು. ಅಳತೆಗೋಲು ಯಾರ ಕೈಯಲ್ಲಿದೆ, ಅದರಿಂದ ಏನು ಮಾಡುತ್ತಾರೆ ಎಂದು ಕೇಳುವುದನ್ನು ನಾವು ಕಲಿತದ್ದು ಅವರಿಂದ.

ಈಗಿನ ಅಳತೆ ಬೇರೆ ಥರದ್ದು. ಕಿವಿಯ ಒಳಭಾಗವನ್ನು ಸುತ್ತಿಕೊಂಡಿರುವ ತಲೆಬುರುಡೆಯ ಎಲುಬು ಬಹಳ ಗಟ್ಟಿ. ಸತ್ತವರ ಡಿಎನ್‌ಎ ಸಾವಿರಾರು ವರ್ಷ ಉಳಿಯುವುದಿದ್ದರೆ ಹೆಚ್ಚಾಗಿ ಅಲ್ಲಿ. ಅದನ್ನು ಚೂರು ಕೊರೆದು, ಪುಡಿ ತೆಗೆದು, ತುಂಡಾದ ಡಿಎನ್‌ಎಯನ್ನು ಓದಿ, ಬೇರೆ ಕಾಲದ, ಬೇರೆ ಸೀಮೆಯ ಜನರದ್ದರ ಜೊತೆ ಹೋಲಿಸುತ್ತಾರೆ. ಆದರೆ ಬಿಸಿಲು, ತೇವ ಎರಡೂ ಡಿಎನ್‌ಎಯನ್ನು ತಿಂದುಹಾಕುತ್ತವೆ. ಹರಿಯಾಣದ ರಾಖಿಗಢಿಯಲ್ಲಿ, ಸಿಂಧೂ ನಾಗರಿಕತೆಯ ಊರಿನಲ್ಲಿ, ಅರವತ್ತರಷ್ಟು ಎಲುಬಿನ ಮಾದರಿಗಳನ್ನು ಪರೀಕ್ಷಿಸಿದರೆ ಓದಲಿಕ್ಕೆ ಸಿಕ್ಕದ್ದು ಒಂದೇ ಒಂದು. ಅವಳು ಒಬ್ಬ ಹೆಂಗಸು. ಸುಮಾರು ನಾಲ್ಕೂವರೆ ಸಾವಿರ ವರ್ಷದ ಹಿಂದೆ ಬದುಕಿದ್ದವಳು. ಅವಳ ವಿವರ ಪ್ರಕಟವಾದದ್ದು 2019ರಲ್ಲಿ.

ಅವಳಲ್ಲಿ ಎರಡು ಎಳೆ ಕಂಡವು. ಒಂದು, ಈ ಉಪಖಂಡದ ಅತಿ ಹಳೆಯ ಬೇಟೆಗಾರರದ್ದು. ಇನ್ನೊಂದು, ಇರಾನಿನ ಹಳೆಯ ಜನರಿಗೆ ದೂರದ ನಂಟಿರುವಂಥದು. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬಂದ ದನಗಾಹಿಗಳ ಎಳೆ ಅವಳಲ್ಲಿ ಇರಲಿಲ್ಲ. ಅದೇ ವರ್ಷ ಪ್ರಕಟವಾದ ಮತ್ತೊಂದು ದೊಡ್ಡ ಅಧ್ಯಯನ, ಆ ಮೂರನೆಯ ಎಳೆ ಕ್ರಿಸ್ತಪೂರ್ವ 2000ದಿಂದ 1500ರ ನಡುವೆ ಬಂದು ಸೇರಿತು ಎಂದು ತೋರಿಸಿತು. ಇಂದು ಉಪಖಂಡದ ಬಹುಪಾಲು ಜನರ ಮೈಯಲ್ಲಿ ಇವು ಹೆಚ್ಚುಕಡಿಮೆ ಪ್ರಮಾಣದಲ್ಲಿ ಬೆರೆತಿವೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕುಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸು ಹೊಕ್ಕು ಸೇರಿ ಸೀರೆಯಾದ ಮ್ಯಾಲೆ, ಯಾವ ನೂಲು ಶುದ್ಧ ಅಂತ ಹುಡುಕುವುದು ಸೀರೆ ಉಡದವರ ಕೆಲಸ.

ಇದಕ್ಕಿಂತ ದೊಡ್ಡ ಮಾತು 2013ರಲ್ಲೇ ಬಂದಿತ್ತು. ಹೈದರಾಬಾದಿನ ಸಿಸಿಎಂಬಿ ಮತ್ತು ಅಮೆರಿಕದ ಹಾರ್ವರ್ಡಿನ ವಿಜ್ಞಾನಿಗಳು ಈಗ ಬದುಕಿರುವ ಹಲವಾರು ಸಮುದಾಯಗಳ ಡಿಎನ್‌ಎ ನೋಡಿ ಒಂದು ಲೆಕ್ಕ ಹಾಕಿದರು. ಸುಮಾರು 4200 ವರ್ಷದಿಂದ 1900 ವರ್ಷದ ಹಿಂದಿನವರೆಗೆ ಇಲ್ಲಿನ ಜನ ಒಬ್ಬರಲ್ಲೊಬ್ಬರು ಬೆರೆತರು. ಆಮೇಲೆ ಬೆರೆಯುವುದು ನಿಂತಿತು, ತಮ್ಮ ತಮ್ಮೊಳಗೇ ಲಗ್ನ ಮಾಡಿಕೊಳ್ಳುವುದು ಗಟ್ಟಿಯಾಯಿತು. ಗೆಳೆಯರೆ, ಇದರ ಅರ್ಥವನ್ನು ನಿಧಾನವಾಗಿ ಯೋಚಿಸಿರಿ. ಜಾತಿ ಬ್ರಹ್ಮನ ಮೈಯಿಂದ ಬಂದದ್ದು, ಅನಾದಿಯದ್ದು ಎಂದು ನಮಗೆ ಹೇಳುತ್ತ ಬಂದರು. ಅದು ನಡುವೆ ಯಾವಾಗಲೋ ಹಾಕಿದ ಬಾಗಿಲು. ಮನುಷ್ಯರು ಹಾಕಿದ ಬಾಗಿಲನ್ನು ಮನುಷ್ಯರೇ ತೆಗೆಯಬಲ್ಲರು. ಆದರೆ ಆ ಬಾಗಿಲನ್ನು ಯಾರು ಹಾಕಿದರು, ಹೊರಗೆ ನಿಂತವರನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಡಿಎನ್‌ಎ ಹೇಳುವುದಿಲ್ಲ.

ನಮ್ಮ ಕರಾವಳಿಯ ಕೊರಗರ ಉದಾಹರಣೆ ನೋಡಿರಿ. ಮಂಗಳೂರಿನ ವಿಜ್ಞಾನಿಗಳೂ ಸೇರಿ ಮಾಡಿದ, 2024ರಲ್ಲಿ ಹೊರಬಂದ ಅಧ್ಯಯನವೊಂದು ಇಂದಿನ ಕೊರಗರ ಡಿಎನ್‌ಎಯನ್ನು ಹಳೆಯ ಎಲುಬುಗಳದ್ದರ ಜೊತೆ ಹೋಲಿಸಿ, ಅವರಲ್ಲಿ ಸುಮಾರು 4400 ವರ್ಷ ಹಳೆಯದಾದ ಬೇರೆಯೇ ಒಂದು ಎಳೆ ಇದೆ, ಅದಕ್ಕೆ ದ್ರಾವಿಡ ಭಾಷೆಯ ಮೊದಲ ಜನರ ನಂಟಿರಬಹುದು ಎಂದಿತು. ಕೇಳಲಿಕ್ಕೆ ಹೆಮ್ಮೆ. ಆದರೆ ಇದೇ ಕೊರಗರ ಮೇಲೆ ಅಜಲು ಎಂಬ ಹೀನ ಪದ್ಧತಿಯನ್ನು ಹೇರಲಾಗಿತ್ತು, ಅದನ್ನು ನಿಷೇಧಿಸುವ ಕಾಯ್ದೆ ಬರಲು 2000ನೇ ಇಸವಿ ಬೇಕಾಯಿತು. ಹಳೆಯ ರಕ್ತ ಅವರನ್ನು ಕಾಪಾಡಲಿಲ್ಲ. 

ಇನ್ನು ನಮ್ಮ ಮಗ್ಗುಲಿನ ಹಲಗಲಿಗೆ ಬರೋಣ. 1857ರಲ್ಲಿ ಆಯುಧ ಒಪ್ಪಿಸಿರಿ ಎಂಬ ಕಾಯ್ದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ ಮುಂದಾದರು. ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆ ಸುದ್ದಿ ಇಂದಿಗೂ ಉಳಿದದ್ದು ಸರ್ಕಾರಿ ಕಾಗದಗಳಿಂದಷ್ಟೇ ಅಲ್ಲ, ಲಾವಣಿಯಿಂದ. ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಅದನ್ನು ಕಾಯ್ದುಕೊಂಡು ಬಂದದ್ದು ನಮ್ಮ ಜನರ ಬಾಯಿ. ಆ ಹತ್ತೊಂಬತ್ತು ಮಂದಿಯ ಎಲುಬು ಸಿಕ್ಕರೂ ಯಾವ ಪ್ರಯೋಗಾಲಯವೂ 'ಇವರು ಕೈಯಾಗಿನ ಆಯುಧ ಕೊಡಲಿಲ್ಲ' ಎಂಬ ಮಾತನ್ನು ಅದರಿಂದ ಓದಲಾರದು.

ಇದೇ ಬೇಡರಿಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ನಾಯಕರ ಜೊತೆ ಹೆಸರು ಬಂದದ್ದು 1991ರಲ್ಲಿ. ಯಾರು ಬುಡಕಟ್ಟಿನವರು ಎನ್ನಲು 1965ರ ಲೋಕೂರ್ ಸಮಿತಿ ಇಟ್ಟ ಗುರುತುಗಳಲ್ಲಿ 'ಹೊರಗಿನವರ ಸಂಪರ್ಕಕ್ಕೆ ನಾಚುವುದು' ಎಂಬುದೂ ಒಂದು. ಇಂಥ ಗುರುತಿನ ಬದಲು ನಾಳೆ ಡಿಎನ್‌ಎ ಚೀಟಿ ಕೇಳಿದರೆ? ಹಕ್ಕು ಹುಟ್ಟುವುದು ಅನುಭವಿಸಿದ ಅನ್ಯಾಯದಿಂದ. ರಕ್ತದ ಶೇಕಡಾವಾರಿನಿಂದ ಅದನ್ನು ತೂಗಲಿಕ್ಕೆ ಬಿಡಬಾರದು.

ಬೇರೆ ದೇಶದ ಮೂಲನಿವಾಸಿಗಳು ಇದನ್ನು ನಮಗಿಂತ ಮೊದಲು ಕಂಡಿದ್ದಾರೆ. ಅಮೆರಿಕದ ಹವಸುಪಾಯಿ ಜನ 1990ರಿಂದ ಸಕ್ಕರೆ ರೋಗದ ಸಂಶೋಧನೆಗೆಂದು ರಕ್ತ ಕೊಟ್ಟರು. ಅವರಿಗೆ ತಿಳಿಸದೆ ಅದನ್ನು ಮನೋರೋಗದ, ಅವರ ವಲಸೆಯ ಅಧ್ಯಯನಕ್ಕೂ ಬಳಸಿದರು. ಜನ ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ರಾಜಿಯಾಗಿ ಪರಿಹಾರದ ಜೊತೆ ರಕ್ತವನ್ನೂ ವಾಪಸು ಪಡೆದರು. ಅದೇ ದೇಶದಲ್ಲಿ 1996ರಲ್ಲಿ ನದಿ ದಂಡೆಯಲ್ಲಿ ಸಿಕ್ಕ ಕೆನೆವಿಕ್ ಮನುಷ್ಯನ ಎಲುಬನ್ನು ನಮ್ಮ ಹಿರಿಯ ಎಂದು ಬುಡಕಟ್ಟಿನವರು ಕೇಳಿದರೆ ಕೊಡಲಿಲ್ಲ. 2015ರಲ್ಲಿ ಡಿಎನ್‌ಎಯೇ ಅವರ ಮಾತಿನ ಪರ ನಿಂತಿತು. 2017ರಲ್ಲಿ ಅವನನ್ನು ಮಣ್ಣು ಮಾಡಿದರು. ಹತ್ಯಾರ ಒಂದೇ, ಹಿಡಿದ ಕೈ ಬೇರೆ.

ಆದ್ದರಿಂದ ಹಳ್ಳಿಯ ಮಾಸ್ತರರಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನನ್ನ ಮಾತು ಇಷ್ಟೆ. ವಿಜ್ಞಾನಕ್ಕೆ ಬೆನ್ನು ತಿರುಗಿಸಬೇಡಿರಿ. ಶುದ್ಧ ರಕ್ತದ ಸುಳ್ಳನ್ನು ಅದು ಒಡೆದಿದೆ, ಅದನ್ನು ತರಗತಿಯಲ್ಲಿ ಹೇಳಿರಿ. ನಿಮ್ಮ ಕೇರಿಗೆ ಯಾರಾದರೂ ಉಗುಳು, ರಕ್ತ ಕೇಳಿ ಬಂದರೆ ಯಾತಕ್ಕೆ, ಎಲ್ಲಿ ಇಡುತ್ತೀರಿ, ಫಲಿತಾಂಶವನ್ನು ಕನ್ನಡದಲ್ಲಿ ಯಾವಾಗ ಬಂದು ಹೇಳುತ್ತೀರಿ ಎಂದು ಕೇಳಿರಿ. ಉತ್ತರ ಸರಿಬೀಳದಿದ್ದರೆ ಒಲ್ಲೆ ಅನ್ನಿರಿ. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ಸೀಮೆಯ ಎಷ್ಟೋ ಊರು, ಊರ ಜೊತೆ ಗೋರಿಗಳೂ ಮುಳುಗಿದವು. ಅಲ್ಲಿನ ಎಲುಬನ್ನು ಇನ್ನು ಯಾರೂ ತೆಗೆಯಲಾರರು. ಆದರೆ ಆ ಊರುಗಳನ್ನು ಕಂಡ ಮುದುಕ ಮುದುಕಿಯರು ಇನ್ನೂ ಇದ್ದಾರೆ. ಅವರ ಹತ್ತಿರ ಕುಂತು, ಅಜ್ಜ-ಮುತ್ತಜ್ಜರ ಹೆಸರು, ಮಾಡಿದ ಕೆಲಸ, ತಿಂದ ಪೆಟ್ಟು ಬರೆದಿಡಿರಿ. ನಾನು ಅಪ್ಪನಿಂದ ಶುರು ಮಾಡಿದ್ದೇನೆ. ಇಲ್ಲೀತನಕ ಒಂದು ನೋಟುಬುಕ್ಕಿನ ಹನ್ನೊಂದು ಪುಟ ಆಗಿದೆ.